ಕ್ರಿಪ್ಟೋ ಕಲಿಯಲು ಹೊರಟ ವೆಬ್ ಡೆವಲಪರ್‌ಗೆ: ಕಾಯಿನ್ ಕೊಳ್ಳುವ ಮೊದಲು ಒಂದು ಬಟನ್ ಕಟ್ಟಿ

ವೆಬ್ ಕೆಲಸ ಮಾಡುವ ಗೆಳೆಯರು ಕ್ರಿಪ್ಟೋ ಕಲಿಯಬೇಕು ಅಂದಾಗ ಮೊದಲು ಕೇಳುವುದು ‘ಯಾವ ಕಾಯಿನ್ ತಗೊಳ್ಳಲಿ?’ ಅಂತ. ಸದ್ಯಕ್ಕೆ ಯಾವುದೂ ಬೇಡ ಅನ್ನುವುದು ನನ್ನ ಉತ್ತರ. ಒಂದು ರೂಪಾಯಿಯನ್ನೂ ಹಾಕದೆ ಇಡೀ ವ್ಯವಸ್ಥೆಯನ್ನು ಬಿಚ್ಚಿ, ಜೋಡಿಸಿ, ಕೆಡಿಸಿ ನೋಡುವ ಅವಕಾಶ ಇಲ್ಲಿದೆ. ಜಾವಾಸ್ಕ್ರಿಪ್ಟ್ ಬರುತ್ತದೆ, ಎಪಿಐ ಕರೆದು ಅಭ್ಯಾಸವಿದೆ, ಡೇಟಾಬೇಸ್ ಜೊತೆ ಮಾತಾಡುವ ಒಂದು ಸಣ್ಣ ಸರ್ವರ್ ಬರೆದಿದ್ದೀರಿ ಅಂದರೆ ಶುರು ಮಾಡಲು ಅಷ್ಟು ಸಾಕು.

ನಾವು ಕಟ್ಟುವುದು ಒಂದೇ ವಸ್ತು: ನಿಮ್ಮ ಪುಟದಲ್ಲಿ ‘ಬೆಂಬಲಿಸಿ’ ಎಂಬ ಬಟನ್. ಒತ್ತಿದವರ ವ್ಯಾಲೆಟ್‌ನಿಂದ ನಿಮ್ಮ ವಿಳಾಸಕ್ಕೆ ಪರೀಕ್ಷಾ ಈಥರ್ (ಈಥರ್ ಅಂದರೆ ಇಥೀರಿಯಮ್ ಎಂಬ ಬ್ಲಾಕ್‌ಚೈನ್‌ನ ನಾಣ್ಯ) ಬರಬೇಕು, ಬಂದಿದೆಯೇ ಇಲ್ಲವೇ ಎಂದು ನಿಮ್ಮ ಸರ್ವರ್ ತಾನೇ ನೋಡಿಕೊಳ್ಳಬೇಕು. ಬಟನ್ ಬರೆಯುವುದು ಅರ್ಧ ದಿನದ ಕೆಲಸ. ಅದನ್ನು ನಂಬುವಂತೆ ಮಾಡುವುದಕ್ಕೆ ಉಳಿದ ಸಮಯವೆಲ್ಲ ಬೇಕು, ಆದ್ದರಿಂದ ನಾನೂ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಇಥೀರಿಯಮ್ ಯಾಕೆ ಅಂದರೆ, ಬಿಟ್‌ಕಾಯಿನ್‌ನ ಮೊದಲ ಬ್ಲಾಕ್ (ವಹಿವಾಟುಗಳ ಕಂತೆ) 2009ರ ಜನವರಿ 3ರಂದು ಹುಟ್ಟಿತು, ಹಣ ಕೈ ಬದಲಾಯಿಸುವುದೇ ಅದರ ಮುಖ್ಯ ಕೆಲಸ. 2015ರ ಜುಲೈ 30ರಂದು ಶುರುವಾದ ಇಥೀರಿಯಮ್‌ನ ಮೇಲೆ ಪ್ರೋಗ್ರಾಮುಗಳೂ ಓಡುತ್ತವೆ, ಬ್ರೌಸರ್‌ನಿಂದ ಅದರ ಜೊತೆ ಮಾತಾಡುವ ಸಲಕರಣೆಗಳೂ ಚೆನ್ನಾಗಿ ಬೆಳೆದಿವೆ. ಇಲ್ಲಿ ಕಲಿತದ್ದು ಪಾಲಿಗಾನ್, ಬೇಸ್, ಆರ್ಬಿಟ್ರಮ್‌ನಂಥ ಇತರ ಜಾಲಗಳಿಗೂ ಬಹುತೇಕ ಹಾಗೇ ನಡೆಯುತ್ತದೆ.

ಹಂತ 1: ಕೀಲಿ, ವಿಳಾಸ, ಸಹಿ

ಬ್ಲಾಕ್‌ಚೈನ್‌ನಲ್ಲಿ ಲಾಗಿನ್ ಇಲ್ಲ, ‘ಪಾಸ್‌ವರ್ಡ್ ಮರೆತಿರಾ?’ ಎಂಬ ಲಿಂಕ್ ಇಲ್ಲ. ಇರುವುದು 256 ಬಿಟ್‌ಗಳ ಒಂದು ಗುಟ್ಟಿನ ಸಂಖ್ಯೆ. ಅದೇ ಪ್ರೈವೇಟ್ ಕೀ. ಅದರಿಂದ ಪಬ್ಲಿಕ್ ಕೀ ಹುಟ್ಟುತ್ತದೆ, ಅದನ್ನು ಹ್ಯಾಶ್ ಮಾಡಿ ಬಂದ ಫಲದ ಕೊನೆಯ 20 ಬೈಟ್‌ಗಳು ನಿಮ್ಮ ವಿಳಾಸ. ವಿಳಾಸವನ್ನು ಯಾರಿಗೆ ಬೇಕಾದರೂ ಕೊಡಬಹುದು, ಅದರಿಂದ ಹಿಂದಕ್ಕೆ ಹೋಗಿ ಕೀಲಿ ಕಂಡುಹಿಡಿಯಲಾಗದು. ಹಣ ಕಳಿಸುವುದು ಅಂದರೆ ‘ಇಷ್ಟು ಮೊತ್ತ ಈ ವಿಳಾಸಕ್ಕೆ’ ಎಂಬ ಸಂದೇಶಕ್ಕೆ ಆ ಕೀಲಿಯಿಂದ ಸಹಿ ಹಾಕಿ ಜಾಲಕ್ಕೆ ಒಪ್ಪಿಸುವುದು. ಸಹಿ ಸರಿಯಿದ್ದರೆ ಜಾಲ ಅದನ್ನು ದಾಖಲಿಸುತ್ತದೆ. ಹಾಕಿದವರು ನೀವೋ ಕಳ್ಳನೋ ಎಂದು ಅದು ಕೇಳುವುದಿಲ್ಲ.

ವ್ಯಾಲೆಟ್ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಅದರೊಳಗೆ ಹಣವಿಲ್ಲ, ಕೀಲಿ ಇದೆ. ಹಣದ ಲೆಕ್ಕವಿರುವುದು ಜಾಲದ ಸಾವಿರಾರು ಕಂಪ್ಯೂಟರುಗಳು ಒಟ್ಟಿಗೆ ಇಟ್ಟುಕೊಂಡ ಖಾತೆ ಪುಸ್ತಕದಲ್ಲಿ.

ಹಂತ 2: ಬೇರೆ ಬ್ರೌಸರ್ ಪ್ರೊಫೈಲ್, ಬೇರೆ ವ್ಯಾಲೆಟ್

ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಕಲಿಕೆಗೆಂದೇ ಒಂದು ಹೊಸ ಪ್ರೊಫೈಲ್ ಮಾಡಿ. ಅದರಲ್ಲಿ ಬೇರೆ ಯಾವ ಎಕ್ಸ್‌ಟೆನ್ಷನ್ನೂ ಬೇಡ. ಮೆಟಾಮಾಸ್ಕ್ ಎಂಬ ವ್ಯಾಲೆಟ್ ಎಕ್ಸ್‌ಟೆನ್ಷನ್ ಒಂದನ್ನೇ ಹಾಕಿಕೊಳ್ಳಿ. ಸರ್ಚ್‌ನಲ್ಲಿ ಜಾಹೀರಾತಾಗಿ ಮೇಲೆ ಬಂದ ಲಿಂಕ್ ಒತ್ತಬೇಡಿ, ಅಧಿಕೃತ ಸೈಟಿನಿಂದಲೇ ಹೋಗಿ. ನಕಲಿ ವ್ಯಾಲೆಟ್‌ಗಳು ಜನರನ್ನು ಹಿಡಿಯುವುದು ಆ ಜಾಹೀರಾತುಗಳಲ್ಲೇ.

ಹೊಸ ವ್ಯಾಲೆಟ್ ನಿಮಗೆ 12 ಇಂಗ್ಲಿಷ್ ಪದಗಳನ್ನು ಕೊಡುತ್ತದೆ. 2048 ಪದಗಳ ಒಂದು ನಿಗದಿತ ಪಟ್ಟಿಯಿಂದ ಆರಿಸಿದ ಪದಗಳವು, ನಿಮ್ಮ ಎಲ್ಲ ಕೀಲಿಗಳೂ ಅವುಗಳಿಂದಲೇ ಹುಟ್ಟುತ್ತವೆ. ಪೆನ್ನಿನಲ್ಲಿ ಕಾಗದದ ಮೇಲೆ ಬರೆಯಿರಿ. ಸ್ಕ್ರೀನ್‌ಶಾಟ್ ಬೇಡ, ನಿಮಗೆ ನೀವೇ ವಾಟ್ಸ್ಆ್ಯಪ್ ಕಳಿಸಿಕೊಳ್ಳುವುದೂ ಬೇಡ. ಪರೀಕ್ಷಾ ವ್ಯಾಲೆಟ್‌ಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು, ಆದರೆ ಈ ಅಭ್ಯಾಸ ಬೀಳಬೇಕಾದದ್ದು ಕಳೆದುಕೊಳ್ಳಲು ಏನೂ ಇಲ್ಲದ ದಿನಗಳಲ್ಲೇ. ಈ ಪದಗಳಿಂದ ಹುಟ್ಟಿದ ವಿಳಾಸಗಳಲ್ಲಿ ಮುಂದೆಂದೂ ನಿಜವಾದ ಹಣ ಇಡುವುದಿಲ್ಲ ಎಂದೂ ಈಗಲೇ ತೀರ್ಮಾನಿಸಿ. ಡೆವಲಪರ್ ವ್ಯಾಲೆಟ್‌ನ ಕೀಲಿ ಒಂದಲ್ಲ ಒಂದು ದಿನ ಯಾವುದೋ ಕಾನ್ಫಿಗ್ ಫೈಲಿಗೆ ಹೋಗುತ್ತದೆ, ಆ ಫೈಲು ಗಿಟ್‌ಗೆ ಹೋಗುತ್ತದೆ. ಗಿಟ್‌ಹಬ್‌ನಲ್ಲಿ ಬಹಿರಂಗವಾದ ಕೀಲಿಗಳನ್ನು ಹೆಕ್ಕುವುದಕ್ಕೆಂದೇ ಬಾಟ್‌ಗಳು ಹಗಲು ರಾತ್ರಿ ಕಾಯುತ್ತಿರುತ್ತವೆ.

ಹಂತ 3: ಪರೀಕ್ಷಾ ಜಾಲ, ಪುಕ್ಕಟೆ ಈಥರ್

ಇಥೀರಿಯಮ್‌ಗೆ ಸೆಪೋಲಿಯಾ ಎಂಬ ಪರೀಕ್ಷಾ ಜಾಲ ಇದೆ. ಮುಖ್ಯ ಜಾಲದ ಚೈನ್ ಐಡಿ (ಜಾಲದ ಗುರುತಿನ ಸಂಖ್ಯೆ) 1, ಸೆಪೋಲಿಯಾದ್ದು 11155111. ಈ ಎರಡನೆಯ ಸಂಖ್ಯೆಯನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ, ಕೋಡ್‌ನಲ್ಲಿ ಮತ್ತೆ ಮತ್ತೆ ಬೇಕಾಗುತ್ತದೆ. ಹಳೆಯ ಪಾಠಗಳಲ್ಲಿ ಗೊರ್ಲಿ, ರಾಪ್ಸ್ಟನ್ ಎಂಬ ಹೆಸರು ಕಂಡರೆ ಆ ಪಾಠ ಬಿಟ್ಟುಬಿಡಿ, ಆ ಜಾಲಗಳು ಈಗ ಇಲ್ಲ.

ಪರೀಕ್ಷಾ ಈಥರ್ ಕೊಡುವ ಸೈಟುಗಳಿಗೆ ಫಾಸೆಟ್ ಅನ್ನುತ್ತಾರೆ. ಗೂಗಲ್ ಕ್ಲೌಡ್‌ನದ್ದೂ ಒಂದಿದೆ. ವಿಳಾಸ ಅಂಟಿಸಿ ಕೇಳಿದರೆ ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ. ಈ ಈಥರ್‌ಗೆ ಬೆಲೆಯಿಲ್ಲ. ‘ಟೆಸ್ಟ್ ಈಥರ್ ಮಾರುತ್ತೇವೆ’ ಎನ್ನುವವರಿಗೆ ಕಾಸು ಕೊಡಬೇಡಿ. ಕೆಲವು ಫಾಸೆಟ್‌ಗಳು ಮುಖ್ಯ ಜಾಲದಲ್ಲಿ ಒಂದಿಷ್ಟು ಹಣವಿದ್ದರೆ ಮಾತ್ರ ಕೊಡುತ್ತವೆ, ಅಂಥದ್ದು ಎದುರಾದರೆ ಬೇರೆಯದನ್ನು ಹುಡುಕಿ.

ಹಂತ 4: ಬರೆಯುವ ಮೊದಲು ಓದಿ

ಬಟನ್‌ಗೆ ಕೈ ಹಾಕುವ ಮುಂಚೆ ಜಾಲದಿಂದ ಬರೀ ಓದುವ ಒಂದು ಪುಟ ಮಾಡಿ. ಈಥರ್ಸ್ ಎಂಬ ಲೈಬ್ರರಿ ಸಾಕು (ವೀಮ್ ಕೂಡ ಒಳ್ಳೆಯದು, ಎರಡರಲ್ಲಿ ಒಂದು ಹಿಡಿದು ಕಲಿಯಿರಿ). ವೆಬ್3ಜೆಎಸ್ ಬೇಡ, ಅದರ ನಿರ್ವಹಣೆ 2025ರಲ್ಲಿ ನಿಂತಿತು. ಇನ್‌ಫ್ಯೂರಾ, ಆಲ್ಕೆಮಿಯಂಥ ಸೇವೆಯಿಂದ ಸೆಪೋಲಿಯಾದ ಆರ್‌ಪಿಸಿ ಕೊಂಡಿ (ಜಾಲದ ಜೊತೆ ಮಾತಾಡುವ ಎಪಿಐ ವಿಳಾಸ) ಪಡೆದು, ಪ್ರೊವೈಡರ್‌ಗೆ ಕೊಟ್ಟು, ಗೆಟ್‌ಬ್ಯಾಲೆನ್ಸ್ ಎಂಬ ಫಂಕ್ಷನ್‌ಗೆ ನಿಮ್ಮ ವಿಳಾಸ ಕೊಡಿ. ವ್ಯಾಲೆಟ್ ಬೇಡ, ಅನುಮತಿ ಬೇಡ. ಯಾರ ಖಾತೆಯಲ್ಲಿ ಎಷ್ಟಿದೆ ಎಂದು ಯಾರು ಬೇಕಾದರೂ ನೋಡಬಹುದು. ಇದನ್ನು ಕಣ್ಣಾರೆ ಕಂಡಾಗಲೇ ಬ್ಲಾಕ್‌ಚೈನ್‌ನಲ್ಲಿ ಗುಟ್ಟು ಅನ್ನುವುದು ಎಷ್ಟು ಕಡಿಮೆ ಎಂದು ತಿಳಿಯುವುದು.

ಬಂದ ಉತ್ತರ ಒಂದು ಭಾರೀ ಸಂಖ್ಯೆ. ಜಾಲ ಈಥರ್‌ನಲ್ಲಿ ಲೆಕ್ಕ ಇಡುವುದಿಲ್ಲ, ವೇ ಎಂಬ ಚಿಕ್ಕ ಘಟಕದಲ್ಲಿ ಇಡುತ್ತದೆ. 1ರ ಮುಂದೆ 18 ಸೊನ್ನೆ ಹಾಕಿದಷ್ಟು ವೇ ಸೇರಿದರೆ 1 ಈಥರ್. ಇಲ್ಲಿಯೇ ವೆಬ್‌ನಿಂದ ಬಂದವರು ಎಡವುವುದು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ನಂಬರ್ ತಪ್ಪಿಲ್ಲದೆ ಹಿಡಿದಿಡಬಲ್ಲ ಅತಿ ದೊಡ್ಡ ಪೂರ್ಣಾಂಕ 9007199254740991. ಅಷ್ಟು ವೇ ಅಂದರೆ ಸುಮಾರು 0.009 ಈಥರ್ ಮಾತ್ರ. ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಂಬರ್‌ನಲ್ಲಿ ಹಾಕಿದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗಬಹುದು, ಎರರ್ ಕೂಡ ಬರುವುದಿಲ್ಲ. ಆದ್ದರಿಂದ ಮೊತ್ತಗಳೆಲ್ಲ ಬಿಗ್ಇಂಟ್‌ನಲ್ಲೇ ಓಡಾಡಬೇಕು. ಪರದೆಗೆ ತೋರಿಸುವಾಗ ಫಾರ್ಮ್ಯಾಟ್‌ಈಥರ್, ಬಳಕೆದಾರರು ಟೈಪ್ ಮಾಡಿದ್ದನ್ನು ಒಳಗೆ ತೆಗೆದುಕೊಳ್ಳುವಾಗ ಪಾರ್ಸ್‌ಈಥರ್. ಡೇಟಾಬೇಸ್‌ನಲ್ಲಿ ಪಠ್ಯವಾಗಿಯೋ ನಿಖರ ದಶಮಾಂಶ ಕಾಲಮ್‌ನಲ್ಲೋ ಇಡಿ, ಫ್ಲೋಟ್ ಬೇಡವೇ ಬೇಡ.

ಹಂತ 5: ಬಟನ್

ವ್ಯಾಲೆಟ್ ಎಕ್ಸ್‌ಟೆನ್ಷನ್ ಪುಟದೊಳಗೆ ‘ಇಥೀರಿಯಮ್’ ಎಂಬ ವಸ್ತುವನ್ನು ವಿಂಡೋ ಮೇಲೆ ಇಡುತ್ತದೆ. ಈಥರ್ಸ್‌ನ ಬ್ರೌಸರ್‌ಪ್ರೊವೈಡರ್ ಅದನ್ನೇ ಸುತ್ತಿಕೊಂಡು ಕೆಲಸ ಮಾಡುತ್ತದೆ. ಖಾತೆ ಕೇಳಿದಾಗ ವ್ಯಾಲೆಟ್ ತನ್ನ ಕಿಟಕಿ ತೆರೆದು ಅನುಮತಿ ಕೇಳುತ್ತದೆ. ಪುಟ ತೆರೆದ ಕೂಡಲೇ ಇದನ್ನು ಕೇಳಬೇಡಿ, ಬಟನ್ ಒತ್ತಿದ ಮೇಲೆ ಕೇಳಿ. ಮನೆ ಬಾಗಿಲಲ್ಲಿ ನಿಂತ ಕೂಡಲೇ ಬೀರುವಿನ ಬೀಗ ತೆಗೆಯಿರಿ ಅಂದರೆ ಯಾರೂ ಒಳಗೆ ಕರೆಯುವುದಿಲ್ಲ.

ಆಮೇಲೆ ಚೈನ್ ಐಡಿ ನೋಡಿ. 11155111 ಅಲ್ಲದಿದ್ದರೆ ಜಾಲ ಬದಲಿಸಲು ವ್ಯಾಲೆಟ್‌ಗೆ ಹೇಳಿ, ಬದಲಾಗುವ ತನಕ ಬಟನ್ ನಿಷ್ಕ್ರಿಯವಾಗಿರಲಿ. ಬಳಕೆದಾರರು ನಡುವೆ ಖಾತೆ ಅಥವಾ ಜಾಲ ಬದಲಿಸಬಹುದು, ಆ ಎರಡೂ ಈವೆಂಟ್‌ಗಳಿಗೆ ಕಿವಿಗೊಡಿ. ಅವರು ‘ಬೇಡ’ ಎಂದರೆ 4001 ಎಂಬ ಸಂಕೇತ ಬರುತ್ತದೆ. ಅದು ದೋಷವಲ್ಲ, ಅವರ ಹಕ್ಕು. ಕೆಂಪು ಅಕ್ಷರದಲ್ಲಿ ‘ಎರರ್’ ಎಂದು ಕೂಗದೆ ಬಟನ್ ಅನ್ನು ಮೊದಲಿನ ಸ್ಥಿತಿಗೆ ತನ್ನಿ.

ಕಳಿಸುವುದು ಒಂದೇ ಕರೆ: ಯಾರಿಗೆ, ಎಷ್ಟು. ಸರಳ ವರ್ಗಾವಣೆಗೆ 21000 ಗ್ಯಾಸ್ ಬೇಕು. ಗ್ಯಾಸ್ ಅಂದರೆ ಜಾಲ ಮಾಡುವ ಕೆಲಸದ ಅಳತೆ, ಅದರ ದರ ಆ ಹೊತ್ತಿನ ದಟ್ಟಣೆಗೆ ತಕ್ಕಂತೆ ಏರಿಳಿಯುತ್ತದೆ. ಕೂಡಲೇ ನಿಮ್ಮ ಕೈಗೆ ಸಿಗುವುದು ವಹಿವಾಟಿನ ಹ್ಯಾಶ್, ಅಂದರೆ ಅದರ ಗುರುತಿನ ಸಂಖ್ಯೆ. ಅದನ್ನು ಸೆಪೋಲಿಯಾದ ಈಥರ್‌ಸ್ಕ್ಯಾನ್ ಸೈಟಿನಲ್ಲಿ ಹಾಕಿ ನೋಡಿ. ಮೊದಲು ‘ಪೆಂಡಿಂಗ್’ ಎಂದಿರುತ್ತದೆ, ಸುಮಾರು 12 ಸೆಕೆಂಡಿಗೊಂದು ಬ್ಲಾಕ್ ಬರುವುದರಿಂದ ಸ್ವಲ್ಪ ಹೊತ್ತಿಗೆ ‘ಯಶಸ್ವಿ’ ಆಗುತ್ತದೆ.

ಹಂತ 6: ಸರ್ವರ್ ಯಾರ ಮಾತನ್ನೂ ನಂಬಬಾರದು

ನನ್ನ ಮೊದಲ ಬಟನ್ ಚೆಂದ ಕೆಲಸ ಮಾಡುತ್ತಿತ್ತು. ವಹಿವಾಟು ಮುಗಿದ ಕೂಡಲೇ ಬ್ರೌಸರ್ ನನ್ನ ಸರ್ವರ್‌ಗೆ ‘ಹಣ ಬಂತು, ಹ್ಯಾಶ್ ಇದು’ ಎಂದು ಹೇಳುತ್ತಿತ್ತು, ಸರ್ವರ್ ಆರ್ಡರನ್ನು ‘ಪಾವತಿಯಾಗಿದೆ’ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಡೆವಲಪರ್ ಟೂಲ್ಸ್ ತೆರೆದು, ಹ್ಯಾಶ್ ಜಾಗದಲ್ಲಿ ತೋಚಿದ ಅಕ್ಷರಗಳನ್ನು ಹಾಕಿ, ಅದೇ ಕರೆಯನ್ನು ಕನ್ಸೋಲ್‌ನಿಂದ ಕಳಿಸಿದರು. ಪರದೆಯ ಮೇಲೆ ‘ಧನ್ಯವಾದಗಳು’ ಎಂದು ಬಂತು. ಪುಟದಲ್ಲಿ ಕಂಡದ್ದಕ್ಕೂ ಜಾಲದಲ್ಲಿ ನಡೆದದ್ದಕ್ಕೂ ನಡುವೆ ಇರುವ ಸಂದು ನನಗೆ ಮನದಟ್ಟಾದದ್ದು ಆವತ್ತು. ಆ ಸಂದನ್ನು ಮುಚ್ಚುವುದೇ ಈ ಕ್ಷೇತ್ರದಲ್ಲಿ ವೆಬ್ ಡೆವಲಪರ್‌ನ ಮುಖ್ಯ ಕೆಲಸ ಎಂದು ಅಂದಿನಿಂದ ನಂಬಿದ್ದೇನೆ.

ಬ್ರೌಸರ್ ಕೊಟ್ಟ ಹ್ಯಾಶ್ ಬರೀ ಸುಳಿವು. ಸರ್ವರ್ ತನ್ನದೇ ಆರ್‌ಪಿಸಿ ಮೂಲಕ ಆ ವಹಿವಾಟನ್ನೂ ಅದರ ರಸೀದಿಯನ್ನೂ ತರಿಸಬೇಕು. ನೋಡಬೇಕಾದದ್ದು: ಸ್ಥಿತಿ 1 ಇದೆಯೇ (0 ಇದ್ದರೆ ವಹಿವಾಟು ಬ್ಲಾಕ್‌ಗೆ ಸೇರಿದೆ, ಆದರೆ ಸೋತಿದೆ), ಹೋದದ್ದು ನಿಮ್ಮ ವಿಳಾಸಕ್ಕೇ, ಮೊತ್ತ ವೇ ಲೆಕ್ಕದಲ್ಲಿ ಸರಿಯೇ, ಜಾಲ ಸರಿಯೇ, ಈ ಹ್ಯಾಶ್ ಮೊದಲೇ ಬೇರೆ ಆರ್ಡರಿಗೆ ಬಳಕೆಯಾಗಿಲ್ಲವೇ. ಕೊನೆಯದಕ್ಕೆ ಡೇಟಾಬೇಸ್‌ನಲ್ಲಿ ಹ್ಯಾಶ್ ಕಾಲಮ್ ಅನ್ನು ಯೂನಿಕ್ ಮಾಡಿದರೆ ಮುಗಿಯಿತು.

ಇಷ್ಟಾದರೂ ಒಂದು ತೂತು ಉಳಿಯುತ್ತದೆ, ಅನುಭವಿಗಳೂ ಅದನ್ನು ಮರೆಯುವುದುಂಟು. ವಹಿವಾಟುಗಳೆಲ್ಲ ಬಹಿರಂಗ ಅಂದೆನಲ್ಲ, ನಿಮ್ಮ ವಿಳಾಸಕ್ಕೆ ಬರುವ ಹ್ಯಾಶ್‌ಗಳೂ ಬಹಿರಂಗ. ಬೇರೊಬ್ಬರು ಕಳಿಸಿದ ಹಣದ ಹ್ಯಾಶ್ ಅನ್ನು ಇನ್ನೊಬ್ಬ ಮೊದಲು ತಂದು ‘ಇದು ನನ್ನದು’ ಅನ್ನಬಹುದು. ಅದಕ್ಕೆ ಹಣ ಕೇಳುವ ಮೊದಲೇ ಬಳಕೆದಾರರಿಂದ ಒಂದು ಸಂದೇಶಕ್ಕೆ ಸಹಿ ಹಾಕಿಸಿಕೊಳ್ಳಿ. ಅದರಲ್ಲಿ ನಿಮ್ಮ ಡೊಮೇನ್, ಸಮಯ, ಒಮ್ಮೆ ಮಾತ್ರ ಬಳಸುವ ಒಂದು ಗುರುತು ಇರಲಿ. ಇದಕ್ಕೆ ಇಐಪಿ-4361 ಎಂಬ ಮಾನದಂಡವೇ ಇದೆ. ಸಹಿಯಿಂದ ವಿಳಾಸ ಸಿಗುತ್ತದೆ, ಆ ವಿಳಾಸದಿಂದ ಬಂದ ಹಣವನ್ನು ಮಾತ್ರ ಅವರ ಆರ್ಡರಿಗೆ ಜಮಾ ಮಾಡಿ.

ಇನ್ನೊಂದು ಪೇಚು: ವ್ಯಾಲೆಟ್‌ನಲ್ಲಿ ‘ವೇಗ ಹೆಚ್ಚಿಸಿ’ ಎಂಬ ಆಯ್ಕೆ ಒತ್ತಿದರೆ ಹಳೆಯ ವಹಿವಾಟಿನ ಜಾಗದಲ್ಲಿ ಹೊಸದು ಹೋಗುತ್ತದೆ, ಹ್ಯಾಶ್ ಬದಲಾಗುತ್ತದೆ. ಹಳೆಯ ಹ್ಯಾಶ್‌ಗೇ ಕಾಯುವ ಸರ್ವರ್ ಕಾಯುತ್ತಲೇ ಕೂರುತ್ತದೆ. ಆದ್ದರಿಂದ ಹ್ಯಾಶ್ ಒಂದನ್ನೇ ನೆಚ್ಚದೆ ನಿಮ್ಮ ವಿಳಾಸಕ್ಕೆ ಬಂದ ವಹಿವಾಟುಗಳನ್ನೂ ಆಗಾಗ ಓದಿ ತಾಳೆ ನೋಡಿ. ದೊಡ್ಡ ಮೊತ್ತವಾದರೆ ಬ್ಲಾಕ್ ‘ಫೈನಲೈಸ್ಡ್’ (ಮತ್ತೆ ಬದಲಾಗದಂತೆ ಖಾಯಂ) ಆಗುವ ತನಕ ಕಾಯಿರಿ. ಇಥೀರಿಯಮ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ 13 ನಿಮಿಷದ ಆಸುಪಾಸು ಹಿಡಿಯುತ್ತದೆ.

ಹಂತ 7: ಟೋಕನ್‌ಗಳು

ಈಥರ್ ಬೆಲೆ ದಿನಕ್ಕೊಂದಾಗುವುದರಿಂದ ವ್ಯಾಪಾರಕ್ಕೆ ಜನ ಹೆಚ್ಚಾಗಿ ಬಳಸುವುದು ಡಾಲರ್‌ಗೆ ಕಟ್ಟಿದ ಯುಎಸ್‌ಡಿಸಿಯಂಥ ಸ್ಟೇಬಲ್‌ಕಾಯಿನ್. ಇಂಥ ಟೋಕನ್‌ಗಳು ಇಆರ್‌ಸಿ-20 ಎಂಬ ಒಂದೇ ಅಚ್ಚಿನ ಕಾಂಟ್ರ್ಯಾಕ್ಟ್‌ಗಳು, ಅಂದರೆ ಜಾಲದ ಮೇಲೆ ಓಡುವ ಪ್ರೋಗ್ರಾಮುಗಳು. ಆದರೆ ಎಲ್ಲಕ್ಕೂ 18 ದಶಮಾಂಶ ಸ್ಥಾನ ಇರುವುದಿಲ್ಲ. ಯುಎಸ್‌ಡಿಸಿಗೆ 6. ಅಂದರೆ 5 ಯುಎಸ್‌ಡಿಸಿ ಜಾಲದ ಮೇಲೆ 5000000 ಎಂದು ಕಾಣುತ್ತದೆ. ಅದನ್ನು ಈಥರ್ ಎಂದುಕೊಂಡು ಫಾರ್ಮ್ಯಾಟ್ ಮಾಡಿದರೆ ಪರದೆಯಲ್ಲಿ 0.000000000005 ಬರುತ್ತದೆ. ನಾನು ಇದನ್ನು ಬಗ್ ಎಂದು ಒಂದು ಸಂಜೆಯೆಲ್ಲ ಹುಡುಕಿದ್ದೇನೆ. ದಶಮಾಂಶ ಎಷ್ಟೆಂದು ಕಾಂಟ್ರ್ಯಾಕ್ಟನ್ನೇ ಕೇಳಿ, ಫಾರ್ಮ್ಯಾಟ್‌ಯೂನಿಟ್ಸ್‌ಗೆ ಅದನ್ನೇ ಕೊಡಿ.

ಟೋಕನ್ ಪಾವತಿಯಲ್ಲಿ ವಹಿವಾಟು ಹೋಗುವುದು ನಿಮ್ಮ ವಿಳಾಸಕ್ಕಲ್ಲ, ಟೋಕನ್‌ನ ಕಾಂಟ್ರ್ಯಾಕ್ಟ್‌ಗೆ. ಆದ್ದರಿಂದ ಸರ್ವರ್ ರಸೀದಿಯೊಳಗಿನ ಟ್ರಾನ್ಸ್‌ಫರ್ ಈವೆಂಟ್ (ಕಾಂಟ್ರ್ಯಾಕ್ಟ್ ಬರೆದಿಡುವ ದಾಖಲೆ) ಓದಬೇಕು. ಆ ಈವೆಂಟ್ ಬಂದದ್ದು ಯಾವ ಕಾಂಟ್ರ್ಯಾಕ್ಟ್‌ನಿಂದ ಎಂಬುದನ್ನು ನೋಡಲೇಬೇಕು. ಯುಎಸ್‌ಡಿಸಿ ಎಂಬ ಹೆಸರಿನ ಟೋಕನ್ ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಹುಟ್ಟಿಸಬಹುದು, ಹೆಸರನ್ನು ನಂಬಿದ ಸರ್ವರ್ ಪೊಳ್ಳು ನಾಣ್ಯಕ್ಕೆ ನಿಜವಾದ ಸರಕು ಕೊಡುತ್ತದೆ. ಬಳಕೆದಾರರಿಂದ ಖರ್ಚಿನ ಅನುಮತಿ ಕೇಳುವ ಪ್ರಸಂಗ ಬಂದರೆ ಬೇಕಾದಷ್ಟಕ್ಕೇ ಕೇಳಿ. ಮಿತಿಯಿಲ್ಲದ ಅನುಮತಿ ಕೇಳುವುದು ನಮ್ಮ ಅನುಕೂಲಕ್ಕಾಗಿ ಅವರ ಇಡೀ ಖಜಾನೆಯನ್ನು ತೆರೆದಿಡಿಸಿದಂತೆ.

ಹಂತ 8: ಒಂದು ಕಾಂಟ್ರ್ಯಾಕ್ಟ್, ಅವಸರವಿಲ್ಲದೆ

ರಿಮಿಕ್ಸ್ ಎಂಬುದು ಬ್ರೌಸರ್‌ನಲ್ಲೇ ತೆರೆಯುವ ಎಡಿಟರ್. ಅಲ್ಲಿ ಸಾಲಿಡಿಟಿ ಎಂಬ ಕಾಂಟ್ರ್ಯಾಕ್ಟ್ ಭಾಷೆಯಲ್ಲಿ ಆರ್ಡರ್ ಸಂಖ್ಯೆ ಜೊತೆಗೆ ಹಣ ಪಡೆದು ಒಂದು ಈವೆಂಟ್ ಹೊರಡಿಸುವ ಪುಟ್ಟ ಕಾಂಟ್ರ್ಯಾಕ್ಟ್ ಬರೆದು ಸೆಪೋಲಿಯಾಕ್ಕೆ ಏರಿಸಿ. ಯಾರ ಹಣ ಯಾವ ಆರ್ಡರಿಗೆ ಎಂಬ ತಲೆನೋವು ಇದರಿಂದ ಬಹಳ ಇಳಿಯುತ್ತದೆ. ಕೈ ಕುದುರಿದ ಮೇಲೆ ಹಾರ್ಡ್‌ಹ್ಯಾಟ್ ಅಥವಾ ಫೌಂಡ್ರಿ ಎಂಬ ಸಲಕರಣೆಗೆ ಬನ್ನಿ, ಸಿದ್ಧ ಭಾಗಗಳಿಗೆ ಓಪನ್‌ಜೆಪ್ಪೆಲಿನ್ ಬಳಸಿ. ಏರಿಸಿದ ಕಾಂಟ್ರ್ಯಾಕ್ಟನ್ನು ಸೈಟಿನಂತೆ ಮಧ್ಯರಾತ್ರಿ ತಿದ್ದಿ ಮತ್ತೆ ಹಾಕಲಾಗದು. 2016ರ ಜೂನ್‌ನಲ್ಲಿ ‘ದಿ ಡಿಎಒ’ ಎಂಬ ಕಾಂಟ್ರ್ಯಾಕ್ಟ್ ಖಾತೆಯ ಲೆಕ್ಕದಿಂದ ಮೊತ್ತ ಕಳೆಯುವ ಮೊದಲೇ ಹಣ ಕೊಡುತ್ತಿದ್ದುದರಿಂದ ಸುಮಾರು 36 ಲಕ್ಷ ಈಥರ್ ಸೋರಿಹೋಯಿತು. ಮೊದಲು ಲೆಕ್ಕ ಬದಲಿಸಿ, ಆಮೇಲೆ ಹಣ ಕಳಿಸಿ ಎಂಬ ನಿಯಮ ಅಲ್ಲಿಂದ ಬಂದ ಪಾಠ.

ಹಂತ 9: ನಿಮ್ಮ ಪುಟವೇ ಕಳ್ಳನ ಕೈಗೆ ಸಿಕ್ಕರೆ

ಹೆಚ್ಚಿನ ಮಾರ್ಗದರ್ಶಿಗಳು ಸಾಲಿಡಿಟಿಯ ಅಪಾಯ ಹೇಳಿ ಮುಗಿಸುತ್ತವೆ. ನಮ್ಮಂಥವರಿಗೆ ಅದಕ್ಕಿಂತ ಹತ್ತಿರದ್ದು ಬೇರೆ ಇದೆ. 2025ರ ಫೆಬ್ರುವರಿ 21ರಂದು ಬೈಬಿಟ್ ಎಂಬ ಎಕ್ಸ್‌ಚೇಂಜ್‌ನಿಂದ (ಕ್ರಿಪ್ಟೋ ಕೊಳ್ಳುವ, ಮಾರುವ ಕಟ್ಟೆ) ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಕದ್ದರು. ಎಫ್‌ಬಿಐ ಇದು ಉತ್ತರ ಕೊರಿಯಾದ ಕೃತ್ಯ ಎಂದಿತು. ಬ್ಲಾಕ್‌ಚೈನ್ ಮುರಿಯಲಿಲ್ಲ, ಕೀಲಿಗಳೂ ಸೋರಲಿಲ್ಲ. ಬೈಬಿಟ್‌ನವರು ಬಳಸುತ್ತಿದ್ದ ಸೇಫ್ ಎಂಬ ವ್ಯಾಲೆಟ್‌ನ ಒಬ್ಬ ಡೆವಲಪರ್‌ನ ಕಂಪ್ಯೂಟರ್ ಮೂಲಕ ಕಳ್ಳರು ನುಗ್ಗಿ, ಅದರ ವೆಬ್ ಪುಟದ ಜಾವಾಸ್ಕ್ರಿಪ್ಟ್ ಬದಲಿಸಿದ್ದರು. ಪರದೆಯಲ್ಲಿ ಮಾಮೂಲಿ ವಹಿವಾಟು ಕಂಡಿತು, ಸಹಿ ಬಿದ್ದದ್ದು ಬೇರೆಯದಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಅದೇ ವರ್ಷದ ಸೆಪ್ಟೆಂಬರ್ 8ರಂದು ಎನ್‌ಪಿಎಂನಲ್ಲಿ ಚಾಕ್, ಡೀಬಗ್ ಮುಂತಾದ ಪ್ಯಾಕೇಜುಗಳಿಗೆ ವಿಷ ಬೆರೆಸಿದರು. ಕ್ರಿಪ್ಟೋಗೆ ಸಂಬಂಧವೇ ಇಲ್ಲದ, ನಮ್ಮ ಪ್ರಾಜೆಕ್ಟುಗಳಲ್ಲೆಲ್ಲ ಎಲ್ಲೋ ಆಳದಲ್ಲಿ ಇರುವ ಪ್ಯಾಕೇಜುಗಳು. ನಿರ್ವಹಿಸುವವರ ಖಾತೆಯನ್ನು ಒಂದು ನಕಲಿ ಇಮೇಲ್‌ನಿಂದ ಕಿತ್ತುಕೊಂಡಿದ್ದರು. ಆ ಕೋಡ್ ಬ್ರೌಸರ್‌ನಲ್ಲಿ ಕೂತು, ಪುಟದಲ್ಲಿ ಹಾದುಹೋಗುವ ಕ್ರಿಪ್ಟೋ ವಿಳಾಸವನ್ನು ಕಳ್ಳನ ವಿಳಾಸಗಳಲ್ಲಿ ನೋಡಲು ಆದಷ್ಟು ಹೋಲುವ ಒಂದರಿಂದ ಬದಲಿಸುತ್ತಿತ್ತು. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಒಪ್ಪುವವರ ಅಭ್ಯಾಸ ಅವರಿಗೂ ಗೊತ್ತಿತ್ತು.

ಆದ್ದರಿಂದ ಹಣ ಮುಟ್ಟುವ ಪುಟದಲ್ಲಿ ಅವಲಂಬನೆಗಳು ಬೆರಳೆಣಿಕೆಯಷ್ಟೇ ಇರಲಿ. ಲಾಕ್‌ಫೈಲ್ ಗಿಟ್‌ನಲ್ಲಿರಲಿ, ಬಿಲ್ಡ್ ಅದರಂತೆಯೇ ಆಗಲಿ. ಇಂದು ಬಂದ ಹೊಸ ಆವೃತ್ತಿಯನ್ನು ಇಂದೇ ಹಾಕಬೇಡಿ, ಕೆಲವು ದಿನ ತಡೆಯಿರಿ. ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯನ್ನು ಬಿಗಿ ಮಾಡಿ, ಚಾಟ್ ಬಟನ್, ಜಾಹೀರಾತು ಎಣಿಸುವ ಸ್ಕ್ರಿಪ್ಟ್‌ಗಳನ್ನು ಈ ಪುಟದಿಂದ ಹೊರಗಿಡಿ. ಡೊಮೇನ್, ಕ್ಲೌಡ್, ಎನ್‌ಪಿಎಂ ಖಾತೆಗಳಿಗೆ ಹಾರ್ಡ್‌ವೇರ್ ಕೀ ಹಾಕಿ. ಸ್ವೀಕರಿಸುವ ವಿಳಾಸವನ್ನು ಪೂರ್ತಿಯಾಗಿ ತೋರಿಸಿ, ನಡುವೆ ಚುಕ್ಕಿ ಹಾಕಿ ಮೊಟಕು ಮಾಡಬೇಡಿ.

ಹಂತ 10: ಕಾನೂನು, ತೆರಿಗೆ

ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಕ್ರಿಪ್ಟೋ ಕಂಪನಿಗಳಿಂದ ದೂರ ಇರಿ ಎಂದು ಸುತ್ತೋಲೆ ಹೊರಡಿಸಿತ್ತು. 2013ರಲ್ಲಿ ತುಮಕೂರಿನಲ್ಲಿ ಹುಟ್ಟಿದ ಯುನೋಕಾಯಿನ್‌ನಂಥ ಕಂಪನಿಗಳಿಗೂ ಅದರ ಬಿಸಿ ತಟ್ಟಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಕ್ರಿಪ್ಟೋ ಇಟ್ಟುಕೊಳ್ಳುವುದಕ್ಕೆ ನಿಷೇಧವಿಲ್ಲ, ಆದರೆ ಅದು ಭಾರತದಲ್ಲಿ ಕಾನೂನುಬದ್ಧ ಚಲಾವಣೆಯ ಹಣವಲ್ಲ.

2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಮಾರಿದ ಲಾಭಕ್ಕೆ 30% ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆಯನ್ನು ಬಿಟ್ಟರೆ ಬೇರೆ ಖರ್ಚು ಕಳೆಯುವಂತಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಒಂದು ಟೋಕನ್ ಕೊಟ್ಟು ಇನ್ನೊಂದು ಪಡೆದರೂ ಅದು ವರ್ಗಾವಣೆಯೇ. 2022ರ ಜುಲೈ 1ರಿಂದ 1% ಟಿಡಿಎಸ್ ಕೂಡ ಬಂತು. ಇದು ಡೆವಲಪರ್‌ಗಳಿಗೆ ಮುಖ್ಯ, ಯಾಕೆಂದರೆ ಮುಖ್ಯ ಜಾಲದಲ್ಲಿ ‘ಸುಮ್ಮನೆ ಪರೀಕ್ಷೆಗೆ’ ಮಾಡಿದ ಹತ್ತು ಅದಲುಬದಲೂ ರಿಟರ್ನ್‌ನಲ್ಲಿ ಹತ್ತು ಸಾಲು. ಬೇರೆಯವರ ಹಣವನ್ನು ಇಟ್ಟುಕೊಳ್ಳುವ, ಬದಲಿಸಿಕೊಡುವ ಸೇವೆ ಕಟ್ಟುವುದಾದರೆ 2023ರ ಮಾರ್ಚ್‌ನಿಂದ ಅದು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಹಣಕಾಸು ಗುಪ್ತಚರ ಘಟಕದಲ್ಲಿ (ಎಫ್‌ಐಯು) ನೋಂದಣಿ ಬೇಕು. ವಿದೇಶಿ ಗ್ರಾಹಕರಿಂದ ಸಂಬಳವನ್ನು ಕ್ರಿಪ್ಟೋದಲ್ಲಿ ಪಡೆಯುವ ಯೋಚನೆಯಿದ್ದರೆ ಒಪ್ಪುವ ಮೊದಲೇ ನಿಮ್ಮ ಸಿಎ ಜೊತೆ ಕೂತು ಮಾತಾಡಿ.

ಹಂತ 11: ಮುಖ್ಯ ಜಾಲದ ಮೊದಲ ದಿನ

ಸೆಪೋಲಿಯಾದಲ್ಲಿ ಬಟನ್ ತಿಂಗಳೊಪ್ಪತ್ತು ಓಡಿದ ಮೇಲೆ, ನೀವೇ ಅದನ್ನು ಕೆಡಿಸಲು ಯತ್ನಿಸಿ: ತಪ್ಪು ಜಾಲ, ಕಡಿಮೆ ಮೊತ್ತ, ಎರಡು ಬಾರಿ ಅದೇ ಹ್ಯಾಶ್, ಬೇರೆಯವರ ಹ್ಯಾಶ್, ನಕಲಿ ಟೋಕನ್, ಅರ್ಧದಲ್ಲಿ ಮುಚ್ಚಿದ ಟ್ಯಾಬ್. ಬೆಂಗಳೂರಿನಲ್ಲಿ ನಡೆದ ಇಟಿಎಚ್‌ಇಂಡಿಯಾದಂಥ ಹ್ಯಾಕಥಾನ್‌ಗೆ ಹೋಗುವ ಅವಕಾಶ ಸಿಕ್ಕರೆ ಅಲ್ಲಿ ಯಾರ ಕೈಗಾದರೂ ಕೊಟ್ಟು ಕೆಡಿಸಲು ಹೇಳಿ, ಬೇರೆಯವರ ಕಣ್ಣಿಗೆ ಬೇರೆಯದೇ ಕಾಣುತ್ತದೆ.

ಇದೆಲ್ಲ ತಡೆದರೆ ಹೊಸ ಪದಗಳಿಂದ ಹೊಸ ವ್ಯಾಲೆಟ್, ಸಾಧ್ಯವಾದರೆ ಹಾರ್ಡ್‌ವೇರ್ ವ್ಯಾಲೆಟ್ ಮಾಡಿ. ಎಫ್‌ಐಯುನಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜ್‌ನಿಂದ ಕಳೆದುಹೋದರೂ ನಿದ್ದೆ ಕೆಡದಷ್ಟು ಮೊತ್ತ ತನ್ನಿ. ಸರ್ವರ್‌ನಲ್ಲಿ ಸ್ವೀಕರಿಸುವ ವಿಳಾಸ ಮಾತ್ರ ಇರಲಿ, ಅದರ ಕೀಲಿ ಬೇಡ. ಹಣ ಬಂದಿದೆಯೇ ಎಂದು ನೋಡಲು ಕೀಲಿ ಬೇಕಾಗುವುದಿಲ್ಲ. ಕಾನ್ಫಿಗ್‌ನಲ್ಲಿ ಚೈನ್ ಐಡಿಯನ್ನು 1 ಮಾಡಿ, ಪರೀಕ್ಷಾ ಜಾಲದ ಕಾಂಟ್ರ್ಯಾಕ್ಟ್ ವಿಳಾಸ ಎಲ್ಲಾದರೂ ಉಳಿದಿದೆಯೇ ಹುಡುಕಿ. ಆಮೇಲೆ ನಿಮ್ಮದೇ ಇನ್ನೊಂದು ವ್ಯಾಲೆಟ್‌ನಿಂದ ಅತಿ ಚಿಕ್ಕ ಮೊತ್ತ ಕಳಿಸಿ, ಪರದೆಯ ವಿಳಾಸ, ವ್ಯಾಲೆಟ್ ಕಿಟಕಿಯ ವಿಳಾಸ, ಈಥರ್‌ಸ್ಕ್ಯಾನ್‌ನ ವಿಳಾಸ ಮೂರನ್ನೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ಗಟ್ಟಿಯಾಗಿ ಓದಿ ಹೋಲಿಸಿ. ಸರ್ವರ್‌ನ ಲಾಗ್‌ನಲ್ಲಿ ಬಂದ ವೇ ಸಂಖ್ಯೆಯೂ ಅಷ್ಟೇ ಇರಬೇಕು, ಕೊನೆಯ ಸೊನ್ನೆಯ ತನಕ.